ಗೋಡೆಗೆ ಗೋಡೆ ತಾಗಿದ ಬದುಕು: ಇಂಗ್ಲೆಂಡಿನ ಸಾಲುಮನೆಗಳು ಸದಾಶಿವಗಡಕ್ಕೆ ಹೇಳುವುದೇನು?

ಸದಾಶಿವಗಡ: ಮನೆಯೆಂದರೆ ಅದರ ಸುತ್ತ ಹಿತ್ತಿಲು ಇರಬೇಕು, ಹಿತ್ತಿಲಿನಲ್ಲಿ ನಾಲ್ಕು ತೆಂಗಿನ ಮರ ಹಾಗೂ ಒಂದು ಬಾವಿ, ಅಂಗಳದಲ್ಲಿ ತುಳಸಿಕಟ್ಟೆ ಇರಬೇಕು ಎಂಬುದು ಕಾಳಿ ನದಿ ದಂಡೆಯ ಜನರ ತಲೆತಲಾಂತರದ ಕಲ್ಪನೆ. ನೆರೆಮನೆಯ ಗೋಡೆಯೇ ತಮ್ಮ ಮನೆಯ ಗೋಡೆಯೂ ಆಗಿರುವುದನ್ನು ಇಲ್ಲಿಯ ಅನೇಕ ಹಿರಿಯರು ಬಡತನದ ಗುರುತೆಂದೇ ಬಗೆಯುತ್ತಾರೆ. ಆದರೆ ಇದೇ ಕರಾವಳಿಯಿಂದ ಓದಿಗೋ ಉದ್ಯೋಗಕ್ಕೋ ಇಂಗ್ಲೆಂಡಿಗೆ ತೆರಳುವ ಯುವಕ ಯುವತಿಯರಲ್ಲಿ ಬಹಳಷ್ಟು ಮಂದಿ ಮೊದಲು ಕಾಲಿಡುವುದು ಅಂಥದೇ ಮನೆಗೆ. ಒಂದೇ ಇಟ್ಟಿಗೆಯ ಬಣ್ಣ, ಒಂದೇ ಎತ್ತರದ ಮಾಡು, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಬಿರುಕಿಲ್ಲದೆ ಸಾಗುವ ಮನೆಗಳ ಸಾಲು. ಫೋಟೊ ನೋಡಿದ ತಂದೆತಾಯಿಗಳಿಗೆ ಒಂದೇ ಸಂದೇಹ: ಇಷ್ಟು ಶ್ರೀಮಂತ ದೇಶದಲ್ಲಿ ಜನ ಇಷ್ಟು ಒತ್ತಾಗಿ ಏಕೆ ಬದುಕುತ್ತಾರೆ?

ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ಇನ್ನೊಂದು ಕಾರಣವೂ ಇದೆ. ಸದಾಶಿವಗಡ, ಕೋಡಿಬಾಗ, ಬೈತಖೋಲ ಮೊದಲಾದ ನಮ್ಮ ಪ್ರದೇಶಗಳಲ್ಲಿ ಭೂಮಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಅಜ್ಜನ ಕಾಲದ ಹಿತ್ತಿಲು ಮಕ್ಕಳಲ್ಲಿ ಪಾಲಾಗಿ, ಮೊಮ್ಮಕ್ಕಳ ಕಾಲಕ್ಕೆ ಎರಡು ಮೂರು ಗುಂಟೆಯ ತುಂಡುಗಳಾಗಿವೆ. ಬಯಸಲಿ ಬಿಡಲಿ, ಒತ್ತಾಗಿ ಬದುಕುವ ಕಾಲ ನಮ್ಮ ಬಾಗಿಲಿಗೂ ಬಂದಿದೆ. ಹೀಗಿರುವಾಗ ನೂರೈವತ್ತು ವರ್ಷಗಳಿಂದ ಒತ್ತಾಗಿ ಬದುಕುತ್ತಿರುವವರು ಏನು ಅನುಭವಿಸಿದರು, ಯಾವ ತಪ್ಪಿಗೆ ಎಷ್ಟು ಬೆಲೆ ತೆತ್ತರು, ಕೊನೆಗೆ ಹೇಗೆ ಸರಿಪಡಿಸಿಕೊಂಡರು ಎಂಬುದನ್ನು ತಿಳಿಯುವುದು ಲಾಭದಾಯಕ.

ಸಾಲುಮನೆಯ ಸ್ವರೂಪ

ಇಂಗ್ಲೆಂಡಿನಲ್ಲಿ 'ಟೆರೇಸ್' ಎಂದರೆ ನಮ್ಮಲ್ಲಿಯ ಹಾಗೆ ಮನೆಯ ಮೇಲಿನ ತಾರಸಿಯಲ್ಲ. ಅದು ಒಂದಕ್ಕೊಂದು ಅಂಟಿಕೊಂಡು ನಿಂತ ಮನೆಗಳ ಸಾಲು. ಅಲ್ಲಿಯ ಒಟ್ಟು ಮನೆಗಳಲ್ಲಿ ಸುಮಾರು ಕಾಲು ಭಾಗ ಇಂಥವೇ. ಹಳೆಯ ಕಾರ್ಮಿಕ ಬಡಾವಣೆಯ ಒಂದು ಮನೆಯ ಮುಂಭಾಗ ಸಾಮಾನ್ಯವಾಗಿ ಹದಿಮೂರರಿಂದ ಹದಿನಾರು ಅಡಿ ಮಾತ್ರ. ಕೆಳಗೆ ಎರಡು ಕೋಣೆ, ಮೇಲೆ ಎರಡು ಕೋಣೆ, ಹಿಂದೆ ಅಡುಗೆಮನೆಯ ಚಾಚು, ಅದರಾಚೆ ಪುಟ್ಟ ಹಿತ್ತಿಲು, ಹಿತ್ತಿಲಿನ ಹಿಂದೆ ಕಿರಿದಾದ ಓಣಿ. ಮುಂಬಾಗಿಲು ತೆರೆದರೆ ನೇರವಾಗಿ ಕಾಲುದಾರಿ. ಎಡದ ಗೋಡೆ ಎಡಮನೆಯವರದೂ ಹೌದು, ಬಲದ ಗೋಡೆ ಬಲಮನೆಯವರದೂ ಹೌದು.

ಈ ರಚನೆಯಲ್ಲಿ ಲೆಕ್ಕಾಚಾರವಿದೆ. ಚಳಿಯ ದೇಶದಲ್ಲಿ ಹೊರಗೋಡೆ ಕಡಿಮೆಯಾದಷ್ಟೂ ಮನೆಯ ಶಾಖ ಉಳಿಯುತ್ತದೆ. ಸಾಲಿನ ನಡುವಿನ ಮನೆಗೆ ಇಕ್ಕೆಲದ ನೆರೆಮನೆಗಳೇ ಕಂಬಳಿ. ಭೂಮಿ, ಇಟ್ಟಿಗೆ, ಕೊಳವೆ, ಬೀದಿದೀಪ ಎಲ್ಲವೂ ಕಡಿಮೆ ಸಾಕು. ಕಾರ್ಖಾನೆ, ಅಂಗಡಿ, ಶಾಲೆ, ಚರ್ಚು ನಡೆದುಹೋಗುವಷ್ಟು ಹತ್ತಿರದಲ್ಲಿರುತ್ತವೆ. ಬಸ್ಸು, ಕಾರುಗಳಿಲ್ಲದ ಕಾಲದಲ್ಲಿ ಹುಟ್ಟಿದ ಬಡಾವಣೆಗಳಾದುದರಿಂದ ಕಾಲ್ನಡಿಗೆಯೇ ಅವುಗಳ ಅಳತೆಗೋಲಾಯಿತು.

ಒತ್ತಡ ಎಷ್ಟೆಂಬುದಕ್ಕೆ ಅಂಕಿಅಂಶಗಳನ್ನು ನೋಡಬಹುದು. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡಿನ ಸರಾಸರಿ ಜನಸಾಂದ್ರತೆ ಚದರ ಕಿಲೋಮೀಟರಿಗೆ 434. ಲಂಡನ್ನಿನ ಟವರ್ ಹ್ಯಾಮ್ಲೆಟ್ಸ್ ಆಡಳಿತ ಪ್ರದೇಶದಲ್ಲಿ ಅದು ಸುಮಾರು 15,700. ನಮ್ಮ ಉತ್ತರ ಕನ್ನಡ ಜಿಲ್ಲೆಯದು 2011ರ ಜನಗಣತಿಯಂತೆ ಕೇವಲ 140. ಅಂದರೆ ನಮ್ಮಲ್ಲಿ ಒಬ್ಬನಿಗಿರುವ ಜಾಗದಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಮಂದಿ ಬಾಳುತ್ತಾರೆ. ಜಿಲ್ಲೆಯ ಸರಾಸರಿಯಲ್ಲಿ ಘಟ್ಟದ ಕಾಡೂ ಸೇರಿದೆ ಎಂಬುದನ್ನು ಮರೆಯಬಾರದು. ಕಡಲು ಮತ್ತು ಗುಡ್ಡದ ನಡುವಿನ ಇಕ್ಕಟ್ಟಾದ ಪಟ್ಟಿಯಲ್ಲಿ ನಮ್ಮ ಚಿತ್ರ ಬೇರೆಯೇ.

ಬಾವಿಯ ಪಕ್ಕದ ಗುಂಡಿ

ಇಂದು ಅಚ್ಚುಕಟ್ಟಾಗಿ ಕಾಣುವ ಈ ಬಡಾವಣೆಗಳ ಹಿಂದೆ ಸಾವಿನ ದೊಡ್ಡ ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಮ್‌ಗಳಿಗೆ ಹಳ್ಳಿಗಳಿಂದ ಜನ ಹರಿದು ಬಂದರು. ಗುತ್ತಿಗೆದಾರರು ಅಗ್ಗದ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟರು. ಅವುಗಳಲ್ಲಿ ಅತ್ಯಂತ ಕುಖ್ಯಾತವಾದವು ಬೆನ್ನಿಗೆ ಬೆನ್ನು ತಾಗಿದ ಮನೆಗಳು. ಎಡ, ಬಲ, ಹಿಂದೆ ಮೂರೂ ಕಡೆ ಬೇರೆಯವರ ಮನೆ. ಗಾಳಿ ಬೆಳಕಿಗೆ ಮುಂಭಾಗದ ಒಂದೇ ಗೋಡೆ. ಹಲವು ಮನೆಗಳಿಗೆ ಸೇರಿ ಒಂದು ಅಂಗಳ, ಅಂಗಳದಲ್ಲಿ ನಾಲ್ಕಾರು ಶೌಚದ ಗುಂಡಿ, ಅದರ ಸನಿಹದಲ್ಲೇ ನೀರಿನ ಪಂಪು. 1831–32ರಲ್ಲಿ ಆ ದೇಶಕ್ಕೆ ಮೊದಲ ಬಾರಿ ಕಾಲರಾ ಬಂತು. 1848–49, 1853–54 ಮತ್ತು 1866ರಲ್ಲಿ ಮತ್ತೆ ಮತ್ತೆ ಬಂದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು.

ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದು ಅಂದಿನ ವೈದ್ಯರಲ್ಲಿ ಹೆಚ್ಚಿನವರು ನಂಬಿದ್ದರು. 1854ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸೋಹೋ ಪ್ರದೇಶದಲ್ಲಿ ಕಾಲರಾ ಸ್ಫೋಟಗೊಂಡು 600ಕ್ಕೂ ಹೆಚ್ಚು ಮಂದಿ ಸತ್ತರು. ಜಾನ್ ಸ್ನೋ ಎಂಬ ವೈದ್ಯರು ಸತ್ತವರ ಮನೆಗಳನ್ನು ಒಂದೊಂದಾಗಿ ವಿಚಾರಿಸಿ, ಅವರಲ್ಲಿ ಬಹುಪಾಲು ಜನ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಒಂದೇ ಪಂಪಿನ ನೀರು ಕುಡಿದಿದ್ದರೆಂದು ತೋರಿಸಿಕೊಟ್ಟರು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಕೆಯನ್ನು ಕಳಚಲಾಯಿತು. ಬಳಿಕ ಅಗೆದು ನೋಡಿದಾಗ, ಪಕ್ಕದ ಮನೆಯೊಂದರ ಶೌಚದ ಗುಂಡಿ ಬಾವಿಯಿಂದ ಕೇವಲ ಮೂರಡಿಯಷ್ಟು ದೂರದಲ್ಲಿದ್ದು, ಅದರ ಹೊಲಸು ಬಾವಿಗೆ ಜಿನುಗುತ್ತಿದ್ದುದು ಕಂಡುಬಂತು.

ಜನರನ್ನು ಕೊಂದದ್ದು ಒತ್ತಾದ ಮನೆಗಳಲ್ಲ, ಗಟಾರವಿಲ್ಲದೆ ಒತ್ತಾದ ಮನೆಗಳು ಎಂಬುದು ಇದರ ತಾತ್ಪರ್ಯ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಸಂಸತ್ ಭವನವನ್ನೇ ಕಂಗೆಡಿಸಿದ ಮೇಲೆ ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಗೆಟ್ ನೇತೃತ್ವದಲ್ಲಿ ಲಂಡನ್ನಿಗೆ ನೆಲದಡಿಯ ದೊಡ್ಡ ಒಳಚರಂಡಿಗಳು ಬಂದವು. 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯು ಹೊಸ ಮನೆಗಳಿಗೆ ನಿಯಮ ರೂಪಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ನೀಡಿತು. ಸರ್ಕಾರ ಹೊರಡಿಸಿದ ಮಾದರಿ ನಿಯಮಗಳು ಹೊಸ ಬೀದಿಗೆ 36 ಅಡಿ ಅಗಲ ಬೇಕೆಂದವು. ಪ್ರತಿ ಮನೆಯ ಹಿಂದೆ ತೆರೆದ ಜಾಗ ಇರಬೇಕು, ಪ್ರತಿ ಮನೆಗೆ ತನ್ನದೇ ಶೌಚಾಲಯ ಇರಬೇಕು, ಬಚ್ಚಲ ನೀರು ಚರಂಡಿ ಸೇರಬೇಕು ಎಂಬ ಕಟ್ಟಳೆಗಳು ಊರೂರುಗಳಲ್ಲಿ ಜಾರಿಗೆ ಬಂದವು. ಹಿಂಬದಿಯ ಓಣಿ ಹೊಲಸು ಸಾಗಿಸುವವರಿಗಾಗಿ ಬಿಟ್ಟ ದಾರಿಯಾಗಿತ್ತು. ಇಂದಿಗೂ ನಿಂತಿರುವ ಸಾಲುಮನೆಗಳಲ್ಲಿ ಹೆಚ್ಚಿನವು ಈ ನಿಯಮಗಳಡಿ ಕಟ್ಟಿದವು. ಬೆನ್ನಿಗೆ ಬೆನ್ನು ತಾಗಿದ ಮನೆಗಳನ್ನು ಹೊಸದಾಗಿ ಕಟ್ಟುವುದನ್ನು 1909ರ ಕಾಯಿದೆ ನಿಷೇಧಿಸಿತು. ಆದರೂ ಅದಕ್ಕೆ ಮೊದಲೇ ಒಪ್ಪಿಗೆ ಪಡೆದ ನಕ್ಷೆಗಳ ನೆಪದಲ್ಲಿ ಲೀಡ್ಸ್ ನಗರದಲ್ಲಿ 1937ರವರೆಗೂ ಅವುಗಳ ನಿರ್ಮಾಣ ನಡೆದೇ ಇತ್ತು. ಕಾನೂನಿನ ಸಂದಿಯಲ್ಲಿ ನುಸುಳುವ ಬುದ್ಧಿ ಯಾವ ಒಂದು ದೇಶದ ಸೊತ್ತೂ ಅಲ್ಲ.

ವಲಸಿಗರ ಬೀದಿಗಳು

ಎರಡನೆಯ ಮಹಾಯುದ್ಧದ ಬಳಿಕ ಸ್ಥಿತಿವಂತ ಇಂಗ್ಲಿಷರು ತೋಟವಿರುವ ಬಿಡಿಮನೆಗಳನ್ನು ಹುಡುಕಿಕೊಂಡು ನಗರದ ಅಂಚಿಗೆ ಸರಿದರು. ಹಳೆಯ ಸಾಲುಮನೆಗಳು ಅಗ್ಗವಾದವು. ಅಲ್ಲಿಗೆ ಬಂದು ತುಂಬಿಕೊಂಡವರು ವಲಸಿಗರು. ಇದಕ್ಕೆ ಲೆಸ್ಟರ್ ನಗರದ ಬೆಲ್‌ಗ್ರೇವ್ ಬಡಾವಣೆ ಉತ್ತಮ ಉದಾಹರಣೆ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಏಷ್ಯನ್ನರನ್ನು 90 ದಿನಗಳಲ್ಲಿ ಹೊರಹೋಗುವಂತೆ ಆಜ್ಞಾಪಿಸಿದಾಗ, ಲೆಸ್ಟರಿನ ನಗರಾಡಳಿತವು ಉಗಾಂಡದ ಪತ್ರಿಕೆಯಲ್ಲಿ 'ನಮ್ಮ ಊರಿಗೆ ಬರಬೇಡಿ' ಎಂಬರ್ಥದ ಜಾಹೀರಾತು ಕೊಟ್ಟಿತು. ಜನ ಬಂದೇ ಬಂದರು. ಬಹುಪಾಲು ಗುಜರಾತಿಗಳಾದ ಅವರು ಖಾಲಿ ಬಿದ್ದಿದ್ದ ಅಂಗಡಿಗಳನ್ನು ತೆರೆದರು, ಸಾಲುಮನೆಗಳನ್ನು ಕೊಂಡರು. ಬೇಡವೆಂದ ಊರೇ ಇಂದು ಅಲ್ಲಿಯ ದೀಪಾವಳಿಯ ಹೆಸರಿನಲ್ಲಿ ಪ್ರವಾಸಿಗರನ್ನು ಕರೆಯುತ್ತಿದೆ.

ಲಂಡನ್ನಿನ ಪೂರ್ವದ ಈಸ್ಟ್ ಹ್ಯಾಮ್ ದಕ್ಷಿಣ ಭಾರತೀಯರ ಪಾಲಿಗೆ ಅಂಥದೇ ನೆಲೆ. ತಮಿಳು, ಮಲಯಾಳ, ತೆಲುಗು ಕಿವಿಗೆ ಬೀಳುವ ಬೀದಿಗಳು, ದೋಸೆಯ ಹೋಟೆಲುಗಳು, ತೆಂಗಿನಕಾಯಿ, ಕರಿಬೇವು, ಕುಚ್ಚಲಕ್ಕಿ ಸಿಗುವ ಅಂಗಡಿಗಳು ಅಲ್ಲಿವೆ. ಕನ್ನಡಿಗರು ಹೀಗೆ ಒಂದೇ ಬೀದಿಯಲ್ಲಿ ಗುಂಪುಗೂಡಿದವರಲ್ಲ. ವೈದ್ಯರಾಗಿ, ತಂತ್ರಜ್ಞರಾಗಿ ದೇಶದ ತುಂಬ ಹಂಚಿಹೋದವರು. 1983ರಲ್ಲಿ ಆರಂಭವಾದ ಕನ್ನಡ ಬಳಗದಂಥ ಸಂಘಗಳೇ ಅವರಿಗೆ ಕೇರಿ. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಇರುವುದು ಲ್ಯಾಂಬೆತ್ ಎಂಬ ಜನನಿಬಿಡ ಆಡಳಿತ ಪ್ರದೇಶದಲ್ಲಿ. ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್ 2010–11ರಲ್ಲಿ ಅದೇ ಲ್ಯಾಂಬೆತ್‌ನ ಮೇಯರ್ ಆಗಿದ್ದರು.

ನಮ್ಮ ಗಡಿನಾಡಿಗೆ ಹತ್ತಿರದ ಸಂಬಂಧ ಸ್ವಿಂಡನ್ ಪಟ್ಟಣದ್ದು. 1961ರ ಡಿಸೆಂಬರಿಗೆ ಮುನ್ನ ಪೋರ್ಚುಗೀಸ್ ಆಡಳಿತದ ಗೋವಾದಲ್ಲಿ ಹುಟ್ಟಿದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಪೋರ್ಚುಗಲ್ಲಿನ ಪೌರತ್ವ ಪಡೆಯುವ ಅವಕಾಶವಿದೆ. ಆ ಪಾಸ್‌ಪೋರ್ಟಿನ ಬಲದಿಂದ ಸಾವಿರಾರು ಗೋವನ್ನರು ಇಂಗ್ಲೆಂಡಿಗೆ ಹೋಗಿ ಸ್ವಿಂಡನ್ ಹಾಗೂ ಲಂಡನ್ನಿನ ಸೌತಾಲ್ ಮುಂತಾದೆಡೆಯ ಸಾಲುಮನೆಗಳಲ್ಲಿ ನೆಲೆಸಿದರು. ಗೋವಾದ ಕಾಣಕೋಣದೊಂದಿಗೆ ಕೊಳು-ಕೊಡೆ ಇರುವ ನಮ್ಮ ಕೊಂಕಣಿ ಕುಟುಂಬಗಳಿಗೆ ಈ ಕಥೆ ಹೊಸದಲ್ಲ. 2020ರ ಡಿಸೆಂಬರ್ 31ಕ್ಕೆ ಯುರೋಪ್ ಒಕ್ಕೂಟದ ಮುಕ್ತ ಸಂಚಾರ ಕೊನೆಗೊಂಡ ಮೇಲೆ ಆ ದಾರಿ ಹೊಸಬರಿಗೆ ಮುಚ್ಚಿದೆ. ಈಗ ಹೋಗುವವರಿಗೆ ಓದಿನ ಅಥವಾ ಉದ್ಯೋಗದ ವೀಸಾವೇ ಗತಿ.

ವಲಸಿಗರು ಒತ್ತಾದ ಬೀದಿಗಳನ್ನೇ ಆರಿಸುವುದಕ್ಕೆ ಅಗ್ಗದ ಬಾಡಿಗೆಯೊಂದೇ ಕಾರಣವಲ್ಲ. ಕಾರು ಇಲ್ಲದವನಿಗೆ ಬಸ್ಸು ಬಾಗಿಲಲ್ಲೇ ಸಿಗಬೇಕು. ಭಾಷೆ ಬಾರದ ತಾಯಿಗೆ ಮಾತನಾಡಿಸುವ ಅಂಗಡಿಯವನು ಬೇಕು. ರಾತ್ರಿ ಪಾಳಿಯಲ್ಲಿ ದುಡಿಯುವ ದಂಪತಿಯ ಮಗುವನ್ನು ಶಾಲೆಯಿಂದ ಕರೆತರುವ ನೆರೆಯಾಕೆ ಬೇಕು. ಇವೆಲ್ಲ ನೂರು ಹೆಜ್ಜೆಗಳೊಳಗೆ ಸಿಗುವುದು ಮನೆಗಳು ಒತ್ತಾಗಿರುವಲ್ಲಿ ಮಾತ್ರ. ದೂರದೂರ ಮನೆಗಳಿರುವ ಬಡಾವಣೆಯಲ್ಲಿ ಅಂಗಡಿಯವನಿಗೆ ಗಿರಾಕಿಗಳಿಲ್ಲ, ಬಸ್ಸಿಗೆ ಪ್ರಯಾಣಿಕರಿಲ್ಲ.

ಗೋಡೆಯಾಚೆಯ ನೆರೆ

ಇಂಥ ಮನೆಯಲ್ಲಿ ಬದುಕುವುದು ಅಭ್ಯಾಸ ಬೇಡುವ ಸಂಗತಿ. ಮೊದಲ ಕಿರಿಕಿರಿ ಸದ್ದಿನದು. ಮೆಟ್ಟಿಲು ಹತ್ತುವ ಕಾಲಸಪ್ಪಳ, ಮಿಕ್ಸರಿನ ಗದ್ದಲ, ಊರಿಗೆ ಫೋನು ಮಾಡುವಾಗ ಏರುವ ದನಿ ಎಲ್ಲವೂ ಗೋಡೆ ದಾಟುತ್ತವೆ. ನಮ್ಮ ದೇಶದಲ್ಲಿ ಬೆಳಗಾಗುವಾಗ ಅಲ್ಲಿ ನಡುರಾತ್ರಿ. ರಾತ್ರಿ 11ರಿಂದ ಬೆಳಿಗ್ಗೆ 7ರವರೆಗಿನ ಅತಿಯಾದ ಸದ್ದಿನ ವಿರುದ್ಧ ಕ್ರಮ ಕೈಗೊಳ್ಳುವ ಅಧಿಕಾರ ಸ್ಥಳೀಯ ಆಡಳಿತಕ್ಕಿದೆ. ಆದರೆ ದೂರು ಕೊಡುವ ಮುನ್ನ ಬಾಗಿಲು ತಟ್ಟಿ ಮಾತನಾಡುವುದು ಅಲ್ಲಿಯ ರೂಢಿ. ಹಬ್ಬವೋ ಮಗುವಿನ ಹುಟ್ಟುಹಬ್ಬವೋ ಇದ್ದರೆ ಎರಡು ದಿನ ಮೊದಲೇ ಅಕ್ಕಪಕ್ಕದವರಿಗೆ ತಿಳಿಸಿದರೆ ಮುನಿಸು ಅರ್ಧಕ್ಕರ್ಧ ತಪ್ಪುತ್ತದೆ.

ಎರಡನೆಯದು ಬೂಷ್ಟು. ಆಷಾಢ ಮಾಸದ ಕಾರವಾರವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಕಾರಣ ಬೇರೆ. ನಮ್ಮಲ್ಲಿ ತೇವ ಹೊರಗಿನ ಮಳೆಯಿಂದ ಒಳಬರುತ್ತದೆ. ಅಲ್ಲಿ ಬಹುಮಟ್ಟಿಗೆ ಒಳಗಿನಿಂದಲೇ ಹುಟ್ಟುತ್ತದೆ. ಚಳಿಗೆ ಕಿಟಕಿ ಮುಚ್ಚಿ, ಅನ್ನ ಸಾರು ಬೇಯಿಸಿ, ಬಟ್ಟೆಯನ್ನು ಕೋಣೆಯಲ್ಲೇ ಒಣಗಹಾಕಿದರೆ ಆ ಆವಿ ತಣ್ಣನೆಯ ಹೊರಗೋಡೆಗೆ ತಾಗಿ ನೀರಾಗುತ್ತದೆ. ಕೆಲವೇ ವಾರಗಳಲ್ಲಿ ಮೂಲೆಯಲ್ಲಿ ಕಪ್ಪು ಬೂಷ್ಟು ಮೂಡುತ್ತದೆ. ಬಚ್ಚಲು ಮತ್ತು ಅಡುಗೆಮನೆಯ ಗಾಳಿ ಹೊರಹಾಕುವ ಫ್ಯಾನು ಓಡಿಸುವುದು, ದಿನಕ್ಕೆ ಒಂದಿಷ್ಟು ಹೊತ್ತು ಕಿಟಕಿ ತೆರೆಯುವುದು ಸರಳ ಪರಿಹಾರ. ಗೋಡೆಯ ದೋಷದಿಂದಲೇ ತೇವ ಬರುತ್ತಿದ್ದರೆ ದುರಸ್ತಿ ಮನೆಮಾಲೀಕನ ಹೊಣೆ. ಇದು ಸಣ್ಣ ವಿಷಯವಲ್ಲ. 2020ರಲ್ಲಿ ರೋಚ್‌ಡೇಲ್ ಪಟ್ಟಣದ ಬಾಡಿಗೆ ಮನೆಯೊಂದರ ಬೂಷ್ಟಿನಿಂದಾಗಿ ಎರಡು ವರ್ಷದ ಮಗುವೊಂದು ಅಸುನೀಗಿದ ಬಳಿಕ, ಸಾಮಾಜಿಕ ವಸತಿಯ ಮಾಲೀಕರು ನಿಗದಿತ ಅವಧಿಯೊಳಗೆ ಇಂಥ ದೂರುಗಳನ್ನು ಪರಿಹರಿಸಬೇಕೆಂಬ ನಿಯಮ 2025ರ ಅಕ್ಟೋಬರಿನಿಂದ ಜಾರಿಗೆ ಬಂದಿತು.

ಮೂರನೆಯದು ಪಾಲಿನ ಗೋಡೆ. 1666ರಲ್ಲಿ ಲಂಡನ್ ನಗರ ಸುಟ್ಟುಹೋದ ಮೇಲೆ ಮನೆಗಳನ್ನು ಇಟ್ಟಿಗೆ ಕಲ್ಲುಗಳಿಂದ ಕಟ್ಟಬೇಕೆಂಬ ಕಾಯಿದೆ ಬಂತು. ಒಂದು ಮನೆಯ ಬೆಂಕಿ ಇನ್ನೊಂದಕ್ಕೆ ಹಬ್ಬದಂತೆ ತಡೆಯುವುದು ನಡುಗೋಡೆಯ ಮುಖ್ಯ ಕೆಲಸವಾಯಿತು. ಇಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1996ರ ಪಾರ್ಟಿ ವಾಲ್ ಕಾಯಿದೆ ಅನ್ವಯಿಸುತ್ತದೆ. ನಡುಗೋಡೆಯನ್ನು ಕೊರೆದು ತೊಲೆ ಕೂರಿಸಬೇಕಿದ್ದರೆ ಎರಡು ತಿಂಗಳು ಮೊದಲೇ, ಪಕ್ಕದಲ್ಲಿ ಆಳವಾಗಿ ಅಡಿಪಾಯ ತೋಡಬೇಕಿದ್ದರೆ ಒಂದು ತಿಂಗಳು ಮೊದಲೇ ನೆರೆಯವರಿಗೆ ಲಿಖಿತ ತಿಳಿವಳಿಕೆ ಕೊಡಬೇಕು. ನೆರೆಯವರು 14 ದಿನಗಳೊಳಗೆ ಒಪ್ಪಿಗೆ ಸೂಚಿಸದಿದ್ದರೆ ಅದನ್ನು ತಕರಾರೆಂದು ಪರಿಗಣಿಸಿ, ಸರ್ವೆಯರ್ ಮುಖಾಂತರ ಷರತ್ತುಗಳನ್ನು ಬರೆಯಲಾಗುತ್ತದೆ. ಬಿರುಕು ಬಿಟ್ಟರೆ ಯಾರು ತುಂಬಿಕೊಡಬೇಕೆಂಬುದು ಕೆಲಸಕ್ಕೆ ಮೊದಲೇ ನಿಶ್ಚಯವಾಗಿರುತ್ತದೆ. ಪಾಗಾರದ ಒಂದು ಗೇಣು ಜಾಗಕ್ಕಾಗಿ ಅಣ್ಣತಮ್ಮಂದಿರು ವರ್ಷಗಟ್ಟಲೆ ನ್ಯಾಯಾಲಯ ಅಲೆಯುವ ನಮ್ಮ ಊರುಗಳಿಗೆ ಈ ಪದ್ಧತಿಯಲ್ಲಿ ಅನುಸರಣೀಯ ಅಂಶವಿದೆ.

ಹೋಗುವವರು ತಿಳಿದಿರಬೇಕಾದದ್ದು

ಇಲ್ಲಿಂದ ಹೋಗುವ ವಿದ್ಯಾರ್ಥಿಗಳಲ್ಲಿ ಅನೇಕರು ಕೊಠಡಿ ಹಂಚಿಕೊಂಡು ಇರುವವರು. ಸಾಲ ಮಾಡಿ ಕಳುಹಿಸಿದ ತಂದೆತಾಯಿಗಳ ಹೊರೆ ತಗ್ಗಿಸಲು ಒಂದೇ ಮನೆಯಲ್ಲಿ ಏಳೆಂಟು ಮಂದಿ ಸೇರುವುದುಂಟು. ಕೆಲವು ನಿಯಮಗಳು ತಿಳಿದಿದ್ದರೆ ಮೋಸಹೋಗುವುದು ತಪ್ಪುತ್ತದೆ.

ಒಂದು: ಒಂದೇ ಕುಟುಂಬಕ್ಕೆ ಸೇರದ ಐದು ಅಥವಾ ಅದಕ್ಕಿಂತ ಹೆಚ್ಚು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡಿರುವ ಮನೆಗೆ ಮಾಲೀಕ ಸ್ಥಳೀಯ ಆಡಳಿತದಿಂದ ಪರವಾನಗಿ ಪಡೆದಿರಬೇಕು. ಅಂಥ ಮನೆಯಲ್ಲಿ ಒಬ್ಬ ವಯಸ್ಕ ಮಲಗುವ ಕೋಣೆ ಕನಿಷ್ಠ 6.51 ಚದರ ಮೀಟರ್, ಅಂದರೆ ಸುಮಾರು 70 ಚದರ ಅಡಿ, ಇಬ್ಬರದಾದರೆ 10.22 ಚದರ ಮೀಟರ್, ಅಂದರೆ ಸುಮಾರು 110 ಚದರ ಅಡಿ ಇರಲೇಬೇಕು. 2018ರ ಅಕ್ಟೋಬರಿನಿಂದ ಈ ಕಟ್ಟುನಿಟ್ಟು ಜಾರಿಯಲ್ಲಿದೆ.

ಎರಡು: ವರ್ಷದ ಬಾಡಿಗೆ 50 ಸಾವಿರ ಪೌಂಡಿಗಿಂತ ಕಡಿಮೆ ಇರುವಲ್ಲಿ ಠೇವಣಿ ಐದು ವಾರಗಳ ಬಾಡಿಗೆಯನ್ನು ಮೀರುವಂತಿಲ್ಲ. ಸಾಮಾನ್ಯ ಬಾಡಿಗೆ ಕರಾರಿನಲ್ಲಿ ಆ ಹಣವನ್ನು ಮಾಲೀಕ 30 ದಿನಗಳೊಳಗೆ ಸರ್ಕಾರ ಮಾನ್ಯ ಮಾಡಿದ ಠೇವಣಿ ರಕ್ಷಣಾ ಯೋಜನೆಯಲ್ಲಿ ಇರಿಸಬೇಕು. ನೋಂದಣಿ ಶುಲ್ಕ, ದಲ್ಲಾಳಿ ಶುಲ್ಕವೆಂದು ಬಾಡಿಗೆದಾರನಿಂದ ಕೀಳುವುದನ್ನು 2019ರ ಕಾಯಿದೆ ನಿಷೇಧಿಸಿದೆ. ಮನೆಯನ್ನೂ ಕರಾರುಪತ್ರವನ್ನೂ ನೋಡದೆ, ವಾಟ್ಸ್‌ಆ್ಯಪ್ ಫೋಟೊ ನಂಬಿ ಊರಿನಿಂದಲೇ ಹಣ ಕಳುಹಿಸುವುದು ಸಲ್ಲದು.

ಮೂರು: ಮನೆಯೊಂದಕ್ಕೆ ಕೌನ್ಸಿಲ್ ತೆರಿಗೆ ಇರುತ್ತದೆ. ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ವಿನಾಯಿತಿಯಿದೆ. ಆದರೆ ಅವರ ನಡುವೆ ಉದ್ಯೋಗಸ್ಥನೊಬ್ಬ ಬಂದು ಸೇರಿದರೆ ಲೆಕ್ಕ ಬದಲಾಗುತ್ತದೆ. ವಯಸ್ಕ ಒಬ್ಬನೇ ವಾಸಿಸುವ ಮನೆಗೆ ಶೇ. 25ರಷ್ಟು ರಿಯಾಯಿತಿಯಿದೆ.

ನಾಲ್ಕು: 2025ರ ಅಕ್ಟೋಬರಿನಲ್ಲಿ ಅಂಗೀಕೃತವಾದ ಬಾಡಿಗೆದಾರರ ಹಕ್ಕುಗಳ ಕಾಯಿದೆಯು ಕಾರಣ ಹೇಳದೆ ಬಾಡಿಗೆದಾರನನ್ನು ತೆರವುಗೊಳಿಸುವ ಹಳೆಯ ಪದ್ಧತಿಗೆ ಕೊನೆ ಹಾಡುತ್ತದೆ. ಇಂಗ್ಲೆಂಡಿನ ಖಾಸಗಿ ಬಾಡಿಗೆಗೆ ಅದರ ಮುಖ್ಯ ಅಂಶಗಳು ಜಾರಿಯಾಗಲು ನಿಗದಿಯಾದ ದಿನ 2026ರ ಮೇ 1.

ಕಸದ ಡಬ್ಬಿಯ ವಿಚಾರ ಚಿಕ್ಕದೆನಿಸಿದರೂ ಜಗಳಕ್ಕೆ ಅದೇ ಮೂಲ. ಯಾವ ಬಣ್ಣದ ಡಬ್ಬಿ ಯಾವ ವಾರ ಹೊರಗಿಡಬೇಕೆಂಬುದು ಊರಿಂದ ಊರಿಗೆ ಬೇರೆ. ಹದಿನಾಲ್ಕು ಅಡಿ ಅಗಲದ ಮನೆಯ ಮುಂದೆ ತಪ್ಪು ದಿನ ಇಟ್ಟ ಡಬ್ಬಿ ಇಡೀ ಬೀದಿಗೇ ಅಡ್ಡಿ. ವಾಹನ ನಿಲುಗಡೆಯೂ ಹಾಗೆಯೇ. ಅನೇಕ ಬೀದಿಗಳಲ್ಲಿ ನಿವಾಸಿಗಳು ಹಣ ಕಟ್ಟಿ ಪರವಾನಗಿ ಪಡೆಯಬೇಕು. ಪಡೆದರೂ ಮನೆಯೆದುರಿನ ಜಾಗವೇ ಸಿಕ್ಕೀತೆಂಬ ಖಾತರಿಯಿಲ್ಲ.

ಎಲ್ಲವೂ ಹಸನಲ್ಲ

ಇಷ್ಟು ಹೇಳಿದ ಮಾತ್ರಕ್ಕೆ ಅಲ್ಲಿಯ ಒತ್ತು ಬಡಾವಣೆಗಳೆಲ್ಲ ಮಾದರಿ ಎಂದು ಭಾವಿಸಬೇಕಾಗಿಲ್ಲ. ಲಂಡನ್ನಿನ ನ್ಯೂಹ್ಯಾಮ್‌ನಲ್ಲಿ ಹಿತ್ತಿಲಿನ ಸಾಮಾನು ಕೊಟ್ಟಿಗೆಗಳಲ್ಲೇ ಹಾಸಿಗೆ ಹಾಕಿ ವಲಸಿಗರಿಗೆ ಬಾಡಿಗೆಗೆ ಕೊಟ್ಟ ಪ್ರಕರಣಗಳು ಬೆಳಕಿಗೆ ಬಂದವು. 2013ರಲ್ಲಿ ಆ ಆಡಳಿತವು ಖಾಸಗಿ ಬಾಡಿಗೆ ಮನೆಗಳಿಗೆಲ್ಲ ಪರವಾನಗಿ ಕಡ್ಡಾಯ ಮಾಡಿತು. 2020ರ ಜೂನ್ ಕೊನೆಯಲ್ಲಿ ದೇಶದ ಮೊದಲ ಸ್ಥಳೀಯ ಲಾಕ್‌ಡೌನ್ ಘೋಷಣೆಯಾದದ್ದು ಲೆಸ್ಟರಿಗೆ. ಹಿರಿಯರು ಮಕ್ಕಳೆಲ್ಲ ಒಂದೇ ಚಿಕ್ಕ ಮನೆಯಲ್ಲಿರುವ ಬೀದಿಗಳಲ್ಲಿ ಸೋಂಕನ್ನು ತಡೆಯುವುದು ಕಷ್ಟವಾಗಿತ್ತು. ಅದೇ ನಗರದಲ್ಲಿ 2022ರ ಆಗಸ್ಟ್–ಸೆಪ್ಟೆಂಬರಿನಲ್ಲಿ ಹಿಂದೂ ಮತ್ತು ಮುಸ್ಲಿಂ ಯುವಕರ ನಡುವೆ ಅಶಾಂತಿ ತಲೆದೋರಿತು, ಜಾಲತಾಣಗಳ ಸುಳ್ಳು ಸುದ್ದಿ ಅದಕ್ಕೆ ಎಣ್ಣೆ ಸುರಿಯಿತು. ಗೋಡೆ ತಾಗಿದ ಮಾತ್ರಕ್ಕೆ ಮನಸ್ಸು ತಾಗುವುದಿಲ್ಲ. ಎಷ್ಟೋ ಬೀದಿಗಳಲ್ಲಿ ಹತ್ತು ವರ್ಷ ಪಕ್ಕದಲ್ಲಿದ್ದವರ ಹೆಸರೂ ತಿಳಿದಿರುವುದಿಲ್ಲವೆಂಬುದು ಅಲ್ಲಿ ನೆಲೆಸಿದವರ ಸಾಮಾನ್ಯ ದೂರು.

ನಮ್ಮಲ್ಲಿಯೂ ಇತ್ತು

ಸಾಲುಮನೆ ಕನ್ನಡ ನಾಡಿಗೆ ಪರಕೀಯವೇನಲ್ಲ. ಜಗುಲಿಗೆ ಜಗುಲಿ ಸೇರಿದ ಅಗ್ರಹಾರದ ಮನೆಗಳನ್ನು ನೋಡಲು ಗೋಕರ್ಣದವರೆಗೆ ಹೋದರೆ ಸಾಕು. ಮೈಸೂರು, ಬೆಂಗಳೂರುಗಳ ವಠಾರಗಳಲ್ಲಿ ಒಂದು ನಲ್ಲಿಗೆ ಹತ್ತು ಸಂಸಾರ ಬಾಳಿದವು. ದುಡಿಮೆಗೆ ಮುಂಬಯಿಗೆ ಹೋದ ನಮ್ಮ ಕರಾವಳಿಯ ಅನೇಕರು ಚಾಳುಗಳ ಒಂದೇ ಕೋಣೆಯಲ್ಲಿ ಮಕ್ಕಳನ್ನು ಓದಿಸಿ ದೊಡ್ಡವರನ್ನಾಗಿ ಮಾಡಿದರು.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಇಕ್ಕಟ್ಟಾದ ಪೇಟೆಯ ಜನ ತತ್ತರಿಸಿದರು. ಅದರ ಬೆನ್ನಿಗೇ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ನೇರವಾದ ಅಡ್ಡರಸ್ತೆಗಳು, ಮನೆಗಳ ಹಿಂದೆ ನೈರ್ಮಲ್ಯಕ್ಕಾಗಿ ಬಿಟ್ಟ ಕಿರು ಓಣಿಗಳು ಅಲ್ಲಿಯ ವೈಶಿಷ್ಟ್ಯ. ಇಂಗ್ಲೆಂಡಿಗೆ ಕಾಲರಾ ಕಲಿಸಿದ ಪಾಠವನ್ನೇ ಬೆಂಗಳೂರಿಗೆ ಪ್ಲೇಗು ಕಲಿಸಿತು. ಎರಡೂ ಕಡೆ ಜನ ಸತ್ತ ಮೇಲೆ ಓಣಿ ಬಂತೆಂಬುದು ವಿಷಾದದ ಸಂಗತಿ.

ಮೂರು ಗುಂಟೆಯ ಲೆಕ್ಕ

ಈಗ ಸದಾಶಿವಗಡಕ್ಕೆ ಬರೋಣ. ಸೋಂದೆಯ ಅರಸರು ಕಾಳಿ ನದಿ ಕಡಲು ಸೇರುವ ಎಡೆಯಲ್ಲಿ ಗುಡ್ಡದ ಮೇಲೆ ಕೋಟೆ ಕಟ್ಟಿದಾಗ, ಮೂರು ಕಡೆಯ ಅಡೆತಡೆಯೇ ಅದರ ಬಲವಾಗಿತ್ತು. ಇಂದು ಅದೇ ನಮ್ಮ ಮಿತಿ. ಪಶ್ಚಿಮಕ್ಕೆ ಸಮುದ್ರ, ದಕ್ಷಿಣಕ್ಕೆ ನದಿ, ಬೆನ್ನಿಗೆ ಗುಡ್ಡ, ನಡುವೆ ಚತುಷ್ಪಥವಾದ ರಾಷ್ಟ್ರೀಯ ಹೆದ್ದಾರಿ 66. ಕಡಲಂಚಿನಲ್ಲಿ ಕರಾವಳಿ ನಿಯಂತ್ರಣ ವಲಯದ ನಿರ್ಬಂಧ. ನದಿಯಾಚೆ 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಸುಮಾರು 11 ಸಾವಿರ ಎಕರೆ ಭೂಮಿ ಹೋಯಿತು. ಸಾವಿರಾರು ಕುಟುಂಬಗಳು ಹಿತ್ತಿಲು ಬಿಟ್ಟು ತೋಡೂರು ಮೊದಲಾದೆಡೆಯ ಪುನರ್ವಸತಿ ಕಾಲೊನಿಗಳ ನಿವೇಶನಗಳಿಗೆ ಬಂದವು. ಗುಡ್ಡವನ್ನು ಕಡಿದು ಮನೆ ಕಟ್ಟುವ ದಾರಿಯೂ ಕ್ಷೇಮಕರವಲ್ಲ. 2009ರ ಅಕ್ಟೋಬರಿನಲ್ಲಿ ಕಡವಾಡ ಸಮೀಪದ ಝರಿವಾಡದಲ್ಲಿಯೂ 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿಯೂ ಕುಸಿದ ಗುಡ್ಡಗಳು ತೆಗೆದುಕೊಂಡ ಪ್ರಾಣಗಳನ್ನು ಮರೆಯಲಾದೀತೆ? ಅಗಲಕ್ಕೆ ಹರಡಲು ಜಾಗವಿಲ್ಲದ ಊರು ಒತ್ತಾಗಲೇಬೇಕು.

ಈಗ ಒಂದು ಲೆಕ್ಕ. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲದ ಜಾಗ, 1,089 ಚದರ ಅಡಿ. ಮೂರು ಗುಂಟೆಯ ಚೌಕಾಕಾರದ ನಿವೇಶನದ ಒಂದು ಬದಿ ಸುಮಾರು 57 ಅಡಿ. ನಡುವೆ ಮನೆ ಕಟ್ಟಿ, ಈಶಾನ್ಯದಲ್ಲಿ ಬಾವಿ, ನೈಋತ್ಯದಲ್ಲಿ ಶೌಚದ ಇಂಗುಗುಂಡಿ ತೋಡಿದರೆ ತಮ್ಮ ಮಟ್ಟಿಗೆ ಸರಿಯೆಂದು ಮಾಲೀಕರು ನೆಮ್ಮದಿಯಿಂದಿರುತ್ತಾರೆ. ಆದರೆ ನೆರೆಯ ನಿವೇಶನದವರೂ ಹಾಗೆಯೇ ಮಾಡಿದರೆ, ಮೂಲೆಗೆ ಮೂಲೆ ಸೇರುವಲ್ಲಿ ಅವರ ಗುಂಡಿ ನಮ್ಮ ಬಾವಿಗೆ ಹತ್ತಡಿ ದೂರಕ್ಕೆ ಬರುತ್ತದೆ. ನಮ್ಮದು ಮರಳು ಮತ್ತು ಚಿರೇಕಲ್ಲಿನ ನೆಲ. ನೀರು ಸಲೀಸಾಗಿ ಇಳಿಯುತ್ತದೆ. ಮಳೆಗಾಲದಲ್ಲಂತೂ ಅಂತರ್ಜಲ ಕೈಗೆಟಕುವಷ್ಟು ಮೇಲಿರುತ್ತದೆ. ದೊಡ್ಡ ಹಿತ್ತಿಲುಗಳ ಕಾಲದಲ್ಲಿ ದೂರವೇ ನಮ್ಮನ್ನು ಕಾಯುತ್ತಿತ್ತು. ಆ ದೂರ ಈಗ ಇಲ್ಲ. 1854ರ ಲಂಡನ್ನಿನ ಪಂಪಿನ ಕಥೆ ನಮಗೆ ಪರದೇಶದ ಕಥೆಯಾಗಿ ಉಳಿದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ನಿವೇಶನ ಕೊಳ್ಳುವಾಗ ನಮೂನೆ 9 ಮತ್ತು 11 ಇದೆಯೇ ಎಂದು ಕೇಳುತ್ತೇವೆ, ದಿಕ್ಕು ನೋಡುತ್ತೇವೆ. ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಗಟಾರ ಕೊನೆಗೆ ಎಲ್ಲಿ ಸೇರುತ್ತದೆ ಎಂದು ಕೇಳುವವರು ವಿರಳ. ಹತ್ತು ಮನೆಗಳು ಸೇರಿ ಒಂದು ಸಾಮೂಹಿಕ ಶುದ್ಧೀಕರಣ ವ್ಯವಸ್ಥೆ ಮಾಡಿಕೊಂಡರೆ ಹತ್ತು ಬಾವಿಗಳು ಉಳಿಯುತ್ತವೆ. ಹಿತ್ತಿಲು ಪಾಲು ಮಾಡುವಾಗ ಅಣ್ಣತಮ್ಮಂದಿರು ಅಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನ ಬರುವಷ್ಟು ದಾರಿಯನ್ನು ಎಲ್ಲರ ಹೆಸರಿನಲ್ಲಿ ಬಿಟ್ಟು ದಾಖಲೆ ಮಾಡಿಸಬೇಕು. ಪಾಗಾರ ಕಟ್ಟುವ ಮುನ್ನ ನೆರೆಯವರ ಸಹಿ ಪಡೆಯುವ ರೂಢಿ ಬರಬೇಕು. ಚಿತ್ತಾಕುಲ ಗ್ರಾಮ ಪಂಚಾಯಿತಿಯಾಗಲಿ ಕಾರವಾರ ನಗರಸಭೆಯಾಗಲಿ ಹೊಸ ಬಡಾವಣೆಗೆ ಒಪ್ಪಿಗೆ ಕೊಡುವಾಗ ಗಟಾರದ ಇಳಿಜಾರನ್ನು ಮೊದಲು ನೋಡಿ, ಮನೆಯ ನಕ್ಷೆಯನ್ನು ನಂತರ ನೋಡಬೇಕು.

ಇನ್ನೊಂದು ಅಂಶವಿದೆ. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ನಾಲ್ಕು ದಶಕ ಹಳೆಯ ಸೇತುವೆ ಕುಸಿದಾಗ ಸದಾಶಿವಗಡದ ಜನ ತಾವು ಎಷ್ಟರ ಮಟ್ಟಿಗೆ ಆಚೆ ದಂಡೆಯನ್ನು ನಂಬಿದ್ದೇವೆಂಬುದನ್ನು ಅರಿತರು. ಆಸ್ಪತ್ರೆ, ಕಚೇರಿ, ಕಾಲೇಜು ಎಲ್ಲದಕ್ಕೂ ಹೊಳೆ ದಾಟಬೇಕು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ಸಂಪರ್ಕ ಪೂರ್ಣ ಕಡಿದುಹೋಗಲಿಲ್ಲ. ಒತ್ತಾದ ಊರಿನ ದೊಡ್ಡ ಲಾಭವೆಂದರೆ ಸೌಕರ್ಯಗಳು ನಡಿಗೆಯ ದೂರದಲ್ಲಿರುವುದು. ಮನೆಗಳು ಒತ್ತಾಗಿ, ಸೌಕರ್ಯಗಳು ಮಾತ್ರ ಹೊಳೆಯಾಚೆಯೇ ಉಳಿದರೆ ಇಕ್ಕಟ್ಟಿನ ಕಷ್ಟವಷ್ಟೇ ನಮ್ಮ ಪಾಲಿಗೆ, ಸುಖವಿಲ್ಲ.

ಇಂಗ್ಲೆಂಡಿನ ಸಾಲುಮನೆಗಳು ತಾವಾಗಿ ಸುಖದ ನೆಲೆಗಳಾಗಲಿಲ್ಲ. ನಾಲ್ಕು ಬಾರಿ ಕಾಲರಾ ಬಂದ ಮೇಲೆ, ಆಡಳಿತದ ಮೇಲೆ ಒತ್ತಡ ಬಿದ್ದ ಮೇಲೆ, ತೆರಿಗೆ ಕೊಟ್ಟು ಗಟಾರ ತೋಡಿಸಿದ ಮೇಲೆ ಅವು ಬಾಳಲು ಯೋಗ್ಯವಾದವು. ಆ ಪಾಠವನ್ನು ಕಾಯಿಲೆ ಬೀಳದೆಯೇ ಕಲಿಯುವ ಅವಕಾಶ ನಮಗಿದೆ. ಮುಂದಿನ ಸಲ ಹಿತ್ತಿಲು ಅಳೆಯಲು ಸರ್ವೆಯವರು ಬಂದಾಗ ಪಾಲುದಾರರು ಗಡಿಕಲ್ಲಿನ ಜೊತೆಗೆ ಗಟಾರಕ್ಕೂ ಒಂದು ಗೆರೆ ಎಳೆಸಿಕೊಂಡರೆ ಅದು ಒಳ್ಳೆಯ ಆರಂಭವಾದೀತು.